ಎಲ್ಲಿ ನೋಯ್ತದ ಅಂತ ಕೇಳೋದು ಕಲಿ, ತಂಗಿ

ಪ್ರೀತಿಯ ತಂಗಿ,

ಹಾಸನದ ಕಡೆಯವಳು ನೀನು, ಸ್ಟಾಫ್ ನರ್ಸ್ ಆಗಿ ನಮ್ಮ ಸುರಪುರ ತಾಲ್ಲೂಕಿಗೆ ಬಂದಿದ್ದೀ. "ಇಲ್ಲಿಯವರ ಕನ್ನಡವೇ ತಿಳಿಯೋದಿಲ್ಲ" ಎಂದು ಜೊತೆಯವರ ಹತ್ತಿರ ಹೇಳಿಕೊಂಡೆಯಂತೆ. ಅದರಲ್ಲಿ ನಾಚಿಕೊಳ್ಳುವುದೇನಿಲ್ಲ. 1948ರವರೆಗೆ ಇದು ನಿಜಾಮರ ಸೀಮೆ. ಕಚೇರಿ ನಡೆಯುತ್ತಿದ್ದುದು ಉರ್ದುವಿನಲ್ಲಿ, ಮನೆ ಮಾತು ಕನ್ನಡ, ತಾಂಡಾಗಳಲ್ಲಿ ಲಂಬಾಣಿ, ಗುರುಮಠಕಲ್ ಗಡಿಯತ್ತ ತೆಲುಗು. ಇದೆಲ್ಲ ಒಂದೇ ಓಪಿಡಿ ಸಾಲಿನಲ್ಲಿ ನಿನ್ನ ಮುಂದೆ ನಿಲ್ಲುತ್ತದೆ. ರಂಗಂಪೇಟೆಯಲ್ಲಿ ಕುಳಿತಿರುವ ಈ ನಿವೃತ್ತ ನರ್ಸಮ್ಮನ ನಾಲ್ಕು ಮಾತು ಕೇಳು.

ಮೊದಲು ಇಲ್ಲಿಯ ಕನ್ನಡ. "ಉರಿ ಬಂದಾವ್ರಿ" ಅಂದರೆ ಮೈ ಮೇಲೆ ಸುಟ್ಟ ಗಾಯ ಹುಡುಕಬೇಡ, ಥರ್ಮಾಮೀಟರ್ ತೆಗಿ. ಜುಲಾಬ ಅಂದರೆ ಭೇದಿ. ಎಷ್ಟು ಸಲ, ರಕ್ತ ಹೋಯಿತೇ, ಉಚ್ಚೆ ಆಗಿದೆಯೇ ಎಂದು ಕೇಳು. ಚಕ್ಕರ ಅಂದರೆ ತಲೆಸುತ್ತು. ದಮ್ಮು ಹತ್ತುತ್ತದೆ ಅಂದವರನ್ನು ಸಾಲಿನಲ್ಲಿ ಕಾಯಿಸಬೇಡ, ಮೊದಲು ಕೂಡಿಸು. ಬಸುರಿಯ ಅತ್ತೆ "ಬ್ಯಾನಿ ಸುರು ಆಗ್ಯಾವ" ಅಂದರೆ ಹೆರಿಗೆ ಕೋಣೆಗೆ ಕರೆದೊಯ್ಯಿ. ಗುಳಿಗಿ, ಸೂಜಿ, ಸಲಾಯಿನ್ ಈ ಮೂರಕ್ಕೆ ಅರ್ಥ ಹೇಳಬೇಕಾಗಿಲ್ಲ.

ಔಷಧ ಕೊಡುವಾಗ "ತಿಂಡಿ ಆದಮೇಲೆ" ಅನ್ನಬೇಡ. ನಸುಕಿನಲ್ಲೇ ಹತ್ತಿ ಹೊಲಕ್ಕೆ ಹೋಗುವವಳಿಗೆ ತಿಂಡಿ ಎಂಬ ಹೊತ್ತೇ ಇಲ್ಲ. "ಮುಂಜಾನಿ ರೊಟ್ಟಿ ಉಂಡ ಮ್ಯಾಲ ಒಂದು, ರಾತ್ರಿ ಉಂಡ ಮ್ಯಾಲ ಒಂದು" ಅನ್ನು. ಗುಳಿಗಿ ಹಾಳೆಯನ್ನು ಅವಳ ಕೈಯಲ್ಲಿಟ್ಟು ತೋರಿಸು.

ಓಣಿಯ ಮುಸ್ಲಿಂ ತಾಯಂದಿರದು ದಖನಿ. ಟಿವಿಯ ಹಿಂದಿಗಿಂತ ಅದು ಅವರಿಗೆ ಹತ್ತಿರದ್ದು. "ಕಾಂ ದುಖ್ರಾ, ಅಮ್ಮಾ?" ಎಲ್ಲಿ ನೋಯುತ್ತದೆ. "ಕಬ್ ಸೆ?" ಯಾವಾಗಿನಿಂದ. "ಉಂಗ್ಲಿ ಸೆ ಬತಾವ್" ಬೆರಳಿಟ್ಟು ತೋರಿಸು. "ಖಾನಾ ಖಾಕೋ ಗೋಲಿ ಖಾನಾ" ಉಂಡು ಗುಳಿಗಿ ತಗೋ. "ಡರೋ ನಕ್ಕೋ" ಹೆದರಬೇಡ. ಈ ಕೊನೆಯ ಮಾತು ಹೇಳಲು ಮರೆಯಬೇಡ.

ತಾಂಡಾದವರನ್ನು ಯಾಡಿ, ಬಾಪು ಎಂದು ಕರೆ. ತಾಯಿ, ತಂದೆ ಎಂದಂತೆ. "ತಾರೋ ನಾಮ್ ಕಾಂಯಿ?" ಎಂದು ಹೆಸರು ಕೇಳು. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ. ಉಳಿದದ್ದನ್ನು ತಾಂಡಾದ ಆಶಾ ಕಾರ್ಯಕರ್ತೆಯ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದಿಟ್ಟುಕೋ. ಕನ್ನಡದ ಮುದುಕರಿಗೆ ಮುತ್ಯಾ, ಮುದುಕಿಯರಿಗೆ ಆಯಿ. ಬೆಡ್ ನಂಬರಿನಿಂದ ಯಾರನ್ನೂ ಕರೆಯಬೇಡ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಕೇಳಲು ಕಲಿತವರಿಗೆಲ್ಲ ಉತ್ತರ ತಿಳಿಯುತ್ತದೆ ಎಂದೇನಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸುಗಳು ಸ್ಪ್ಯಾನಿಷ್ ಮಾತಾಡುವ ರೋಗಿಗಳಿಗಾಗಿ "ದೋಂದೆ ಲೆ ದುವೆಲೆ?" ಎಂದು ಕಲಿಯುತ್ತಾರೆ. ಎಲ್ಲಿ ನೋಯುತ್ತದೆ ಎಂಬ ನಮ್ಮದೇ ಪ್ರಶ್ನೆ. ಆದರೆ 1980ರಲ್ಲಿ ಫ್ಲಾರಿಡಾದಲ್ಲಿ ಏನಾಯಿತು ನೋಡು. 18 ವರ್ಷದ ಹುಡುಗ ಪ್ರಜ್ಞೆ ತಪ್ಪಿದ್ದ. ತಿಂದದ್ದು ವಿಷವಾಗಿದೆ ಎಂದುಕೊಂಡ ಮನೆಯವರು ಸ್ಪ್ಯಾನಿಷ್‌ನಲ್ಲಿ "ಇಂತೊಕ್ಸಿಕಾದೊ" ಅಂದರು. ಅದನ್ನು ಇಂಗ್ಲಿಷಿನ ಮಾತಿನಂತೆ ಅರ್ಥಮಾಡಿಕೊಂಡು, ಮಾದಕ ವಸ್ತು ಸೇವಿಸಿದ್ದಾನೆ ಎಂದು ವೈದ್ಯರು ತಿಳಿದರು. ನಿಜವಾಗಿ ಆಗಿದ್ದುದು ಮಿದುಳಿನಲ್ಲಿ ರಕ್ತಸ್ರಾವ. ಹುಡುಗನ ಕೈಕಾಲು ನಾಲ್ಕೂ ಬಿದ್ದುಹೋದವು. ತಮಗೆ ತಿಳಿಯಿತು ಎಂದು ಎರಡೂ ಕಡೆಯವರು ನಂಬಿದ್ದರು; ಹಾಗಾಗಿ ದುಭಾಷಿಯನ್ನು ಯಾರೂ ಕರೆಯಲಿಲ್ಲ.

ಅದಕ್ಕೇ ಹೇಳುವುದು: ಹೌದು, ಅಲ್ಲ ಅಥವಾ ಬೆರಳಿನಿಂದ ಉತ್ತರ ಸಿಗುವ ಹಾಗೆ ಕೇಳು. ಸಹಿ ಹಾಕಿಸುವಾಗ, ಆಪರೇಷನ್ ವಿಷಯ ಹೇಳುವಾಗ, ಹಳೆಯ ಕಾಯಿಲೆ, ಮೈಗೆ ಒಗ್ಗದ ಔಷಧ ಕೇಳುವಾಗ ಎರಡೂ ಮಾತು ಬಲ್ಲವರನ್ನು ಪಕ್ಕಕ್ಕೆ ಕರೆ. ಆಶಾ, ಆಯಾ, ವಾರ್ಡಿನ ನರ್ಸ್ ಯಾರಾದರೂ ಸಿಗುತ್ತಾರೆ. ಮುಟ್ಟು, ಬಸಿರು, ಹೊಡೆತದ ಗಾಯದ ಮಾತನ್ನು ಗಂಡನ ಬಾಯಿಂದ ಕೇಳಬೇಡ. ಶಾಲೆ ಕಲಿತ ಮಗನಿಂದಲೂ ಬೇಡ. ತುರ್ತು ಹೊತ್ತು ಬಿಟ್ಟರೆ ಮಕ್ಕಳನ್ನು ದುಭಾಷಿ ಮಾಡಬಾರದು ಎಂದು 2016ರಲ್ಲಿ ಅಮೆರಿಕದವರು ನಿಯಮವನ್ನೇ ತಂದರು. ನಮ್ಮಲ್ಲಿ ನಿಯಮಕ್ಕೆ ಕಾಯದೆ ನೀನೇ ಪಾಲಿಸು.

"ತಿಳೀತೇನು?" ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ದೊಡ್ಡ ದವಾಖಾನೆಯಲ್ಲಿ ಇಲ್ಲ ಅನ್ನಲು ನಮ್ಮ ಮಂದಿಗೆ ಸಂಕೋಚ. "ಮನೀಗಿ ಹೋಗಿ ಗುಳಿಗಿ ಹ್ಯಾಂಗ ತಗೋತೀ, ನನಗೊಮ್ಮೆ ಹೇಳು" ಅನ್ನು. ತಪ್ಪು ಹೇಳಿದರೆ ಬೈಯಬೇಡ, ಇನ್ನೊಮ್ಮೆ ಹೇಳಿಕೊಡು. ಅವಳು ತನ್ನ ಮಾತಿನಲ್ಲಿ ಸರಿಯಾಗಿ ಹೇಳುವತನಕ ಚೀಟಿ ಅವಳ ಕೈಗೆ ಕೊಡಬೇಡ.

ಇಂತಿ,
ರಂಗಂಪೇಟೆಯ ನಿನ್ನ ಅಕ್ಕ