ಸೆಗ್ಮೆಂಟ್ ಪುಟ ಬಿಡಬೇಡ, ಮಗೂ

ಇಂಟೆಲ್‌ನಲ್ಲಿ ಕೆಲಸ ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಸಂತೋಷ, ಮಗೂ. ಬುಲ್ ಟೆಂಪಲ್ ರಸ್ತೆಯ ಬಿಎಂಎಸ್ ಕಾಲೇಜಿಗೆ ನಡೆದೇ ಹೋಗುತ್ತಿದ್ದವಳು ಇನ್ನು ಬೆಳ್ಳಂದೂರಿನವರೆಗೆ ಓಡಾಡಬೇಕು. ಸಂಬಳ, ಶೇರು, ತೆರಿಗೆ ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಚಾಮರಾಜಪೇಟೆಯಲ್ಲಿ ಆಡಿಟ್ ಮಾಡಿಕೊಂಡೇ ತಲೆ ನೆರೆಸಿಕೊಂಡ ನಿನ್ನ ದೊಡ್ಡಪ್ಪ ಹೇಳುವುದು ಒಂದೇ ಮಾತು. ಕಂಪನಿಯ ವಾರ್ಷಿಕ ವರದಿಯಲ್ಲಿ ಸೆಗ್ಮೆಂಟ್‌ಗಳ, ಅಂದರೆ ವಿಭಾಗಗಳ, ಲೆಕ್ಕ ಅಂತ ಒಂದು ಟಿಪ್ಪಣಿ ಇರುತ್ತದೆ. ಉಳಿದದ್ದು ಬಿಟ್ಟರೂ ಅದನ್ನು ಮಾತ್ರ ಪ್ರತಿ ವರ್ಷ ಓದು.

ಒಟ್ಟು ವ್ಯಾಪಾರ ಇಷ್ಟು, ಒಟ್ಟು ಲಾಭ ಇಷ್ಟು ಅನ್ನುವುದರಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ಲ್ಯಾಪ್‌ಟಾಪಿನ ಚಿಪ್ ದುಡಿಯುತ್ತಿದೆಯೋ, ಡೇಟಾ ಸೆಂಟರಿನದು ದುಡಿಯುತ್ತಿದೆಯೋ, ಯಾವುದರ ದುಡ್ಡು ಯಾವುದರ ಹೊಟ್ಟೆಗೆ ಹೋಗುತ್ತಿದೆ ಅನ್ನುವುದು ಗೊತ್ತಾಗುವುದು ಈ ಪುಟದಲ್ಲಿ. ಇದಕ್ಕಾಗಿ ಅಮೆರಿಕದಲ್ಲಿ 1997ರಲ್ಲಿ ಬಂದ ನಿಯಮದ ತಿರುಳು ಇಷ್ಟೇ: ಕಂಪನಿ ನಡೆಸುವವರು ಯಾವ ಯಾವ ವಿಭಾಗವಾಗಿ ಒಳಗೆ ಲೆಕ್ಕ ನೋಡಿ ಹಣ ಹಂಚುತ್ತಾರೋ, ಅದೇ ವಿಭಾಗಗಳಲ್ಲಿ ಹೊರಗಿನವರಿಗೂ ತೋರಿಸಬೇಕು. ಆದಾಯ, ಲಾಭ ನಷ್ಟ, ಆಸ್ತಿ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಕನಿಷ್ಠ ಶೇಕಡ 10ರಷ್ಟು ಪಾಲಿರುವ ವಿಭಾಗವನ್ನು ಮರೆಮಾಡುವ ಹಾಗಿಲ್ಲ. ನಮ್ಮಲ್ಲೂ ಇಂಡ್ ಎಎಸ್ 108 ಅನ್ನುವ ಲೆಕ್ಕಪತ್ರ ನಿಯಮ ಹೇಳುವುದು ಇದನ್ನೇ. ಜಾಲಹಳ್ಳಿಯ ಬಿಇಎಲ್ ವರದಿಯಲ್ಲಿ ಹುಡುಕಿದರೆ ಮಾತ್ರ ನಿನಗೆ ಈ ಲೆಕ್ಕ ಸಿಗುವುದಿಲ್ಲ. ರಕ್ಷಣಾ ಉತ್ಪಾದನೆಯ ಕಂಪನಿಗಳಿಗೆ ಕೇಂದ್ರ ಸರ್ಕಾರ ಇದರಿಂದ ವಿನಾಯಿತಿ ಕೊಟ್ಟಿದೆ.

ಇನ್ನು ನಿನ್ನ ಕಂಪನಿಗೆ ಬರೋಣ. ಇಂಟೆಲ್ ಚಿಪ್ ವಿನ್ಯಾಸವನ್ನೂ ಮಾಡುತ್ತದೆ, ತನ್ನದೇ ಫ್ಯಾಬ್‌ಗಳಲ್ಲಿ ಚಿಪ್ ತಯಾರಿಯನ್ನೂ ಮಾಡುತ್ತದೆ. ಗಾಂಧಿ ಬಜಾರಿನಲ್ಲಿ ಒಂದು ದೊಡ್ಡ ಪುಡಿ ಅಂಗಡಿ, ಹಿತ್ತಲಿನಲ್ಲಿ ಅವರದೇ ಗಿರಣಿ ಅಂತ ಇಟ್ಟುಕೋ. ಗಿರಣಿಯ ಕರೆಂಟು, ರಿಪೇರಿ, ಆಳುಗಳ ಕೂಲಿ ಎಲ್ಲವನ್ನೂ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಯ ಲೆಕ್ಕಕ್ಕೆ ಹಂಚಿಬಿಟ್ಟರೆ ಗಿರಣಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಯಜಮಾನನಿಗೇ ತಿಳಿಯುವುದಿಲ್ಲ. 2023ರ ತನಕ ಇಂಟೆಲ್‌ನ ಲೆಕ್ಕ ಹೆಚ್ಚುಕಡಿಮೆ ಹಾಗೇ ಇತ್ತು. ತಯಾರಿಕೆಯ ಖರ್ಚು ಉತ್ಪನ್ನ ವಿಭಾಗಗಳ ಲೆಕ್ಕದೊಳಗೆ ಸೇರಿಹೋಗುತ್ತಿತ್ತು. 2024ರ ಮೊದಲ ತ್ರೈಮಾಸಿಕದಿಂದ ಅದನ್ನು 'ಇಂಟೆಲ್ ಫೌಂಡ್ರಿ' ಅಂತ ಬೇರೆ ಮಾಡಿದರು. ಈಗ ಉತ್ಪನ್ನ ವಿಭಾಗಗಳು ಹೊರಗಿನ ಗಿರಾಕಿಗಳ ಹಾಗೆ ಮಾರುಕಟ್ಟೆ ದರ ಕೊಟ್ಟು ಫೌಂಡ್ರಿಯಿಂದ ಕೆಲಸ ಮಾಡಿಸಿಕೊಳ್ಳಬೇಕು.

2024ರ ಏಪ್ರಿಲ್ 2ರಂದು ಹಳೆಯ ವರ್ಷಗಳ ಅಂಕಿಗಳನ್ನೂ ಹೊಸ ರೀತಿಯಲ್ಲಿ ಬರೆದು ಮುಂದಿಟ್ಟರು. 2023ರಲ್ಲಿ ಫೌಂಡ್ರಿಯ ಆದಾಯ 1,890 ಕೋಟಿ ಡಾಲರ್, ನಷ್ಟ 700 ಕೋಟಿ ಡಾಲರ್! ಮರುದಿನ ಶೇರು ಸುಮಾರು ಶೇಕಡ 8ರಷ್ಟು ಬಿತ್ತು. ಕಂಪನಿಯಿಂದ ಹೊಸದಾಗಿ ಒಂದು ಡಾಲರ್ ಕೂಡ ಹೊರಗೆ ಹೋಗಿರಲಿಲ್ಲ, ಒಳಗೇ ಇದ್ದ ನಷ್ಟ ಎಲ್ಲಿದೆ ಅನ್ನುವುದು ಕಂಡಿತು, ಅಷ್ಟೇ. ಹೀಗೆ ಕಾಣುವ ಹಾಗೆ ಮಾಡಿದ್ದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ. ಕಣ್ಣಿಗೆ ಬೀಳದ ನಷ್ಟಕ್ಕೆ ಯಾರೂ ಮದ್ದು ಹುಡುಕುವುದಿಲ್ಲ.

2024ರ ವರದಿಯ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡು. ಪಿಸಿ ಚಿಪ್‌ಗಳ ಕ್ಲೈಂಟ್ ವಿಭಾಗ 3,030 ಕೋಟಿ ಡಾಲರ್, ಡೇಟಾ ಸೆಂಟರ್ ಮತ್ತು ಎಐ 1,280 ಕೋಟಿ, ನೆಟ್‌ವರ್ಕ್ ಮತ್ತು ಎಡ್ಜ್ 580 ಕೋಟಿ, ಫೌಂಡ್ರಿ 1,750 ಕೋಟಿ, ಮೊಬೈಲ್‌ಐ, ಆಲ್ಟೆರಾ ಮುಂತಾದವು ಬೇರೆ. ಎಲ್ಲ ಕೂಡಿದರೆ 7,000 ಕೋಟಿ ದಾಟುತ್ತದೆ. ಆದರೆ ಕಂಪನಿಯ ಆದಾಯ ಅಂತ ಕೊನೆಗೆ ಬರೆದಿರುವುದು 5,310 ಕೋಟಿ. ನಡುವೆ 'ಇಂಟರ್‌ಸೆಗ್ಮೆಂಟ್ ಎಲಿಮಿನೇಷನ್' ಅನ್ನುವ ಸಾಲಿನಲ್ಲಿ ಸುಮಾರು 1,700 ಕೋಟಿ ಕಳೆದಿರುತ್ತಾರೆ. ಫೌಂಡ್ರಿ ತನ್ನ ಮನೆಯವರಿಗೇ ಹಾಕಿದ ಬಿಲ್ಲು ಅದು, ಗಿರಾಕಿಯ ಜೇಬಿನಿಂದ ಬಂದದ್ದಲ್ಲ. ಫೌಂಡ್ರಿಯ ಆದಾಯ 1,750 ಕೋಟಿ ಅನ್ನುವ ಸುದ್ದಿ ಓದಿದಾಗ ಈ ಸಾಲು ನೆನಪಿರಲಿ. ಹೊರಗಿನವರ ಕೆಲಸ ಅದರಲ್ಲಿ ತೀರಾ ಕಡಿಮೆ. ಆ ವರ್ಷ ಫೌಂಡ್ರಿಯ ನಷ್ಟ ಸುಮಾರು 1,340 ಕೋಟಿ ಡಾಲರಿಗೆ ಏರಿತ್ತು.

ಇನ್ನೊಂದು ವಿಷಯ, ಇದರಲ್ಲಿ ಜಾಣರೂ ಎಡವುತ್ತಾರೆ. ವಿಭಾಗಗಳು ಶಾಶ್ವತವಲ್ಲ. 2025ರಲ್ಲಿ ಇಂಟೆಲ್ ತನ್ನ ನೆಟ್‌ವರ್ಕ್ ಮತ್ತು ಎಡ್ಜ್ ವಿಭಾಗವನ್ನು ಕ್ಲೈಂಟ್, ಡೇಟಾ ಸೆಂಟರ್ ವಿಭಾಗಗಳೊಳಗೆ ಸೇರಿಸಿತು. ಪ್ರತಿಸ್ಪರ್ಧಿ ಎಎಂಡಿ 2022ರಲ್ಲಿ ಎರಡಿದ್ದದ್ದನ್ನು ನಾಲ್ಕು ಮಾಡಿತು, 2025ರಲ್ಲಿ ಕ್ಲೈಂಟ್ ಮತ್ತು ಗೇಮಿಂಗ್ ಎರಡನ್ನೂ ಒಂದು ಮಾಡಿತು. ಅದಕ್ಕೇ ಡೇಟಾ ಸೆಂಟರ್ ಇಷ್ಟು ಬೆಳೆಯಿತು, ಕ್ಲೈಂಟ್ ಅಷ್ಟು ಬೆಳೆಯಿತು ಅಂದರೆ ತಟ್ಟನೆ ನಂಬಬೇಡ. ಬೆಳೆದದ್ದು ವ್ಯಾಪಾರವೋ, ಅಥವಾ ಬೇರೆ ವಿಭಾಗದ್ದು ಬಂದು ಸೇರಿತೋ ನೋಡು. ಹಳೆಯ ವರ್ಷಗಳನ್ನೂ ಹೊಸ ವಿಂಗಡಣೆಯಲ್ಲಿ ತಿದ್ದಿ ಕೊಟ್ಟಿರುತ್ತಾರೆ, ಹೋಲಿಸುವುದಾದರೆ ಆ ಅಂಕಿಗಳನ್ನೇ ಹಿಡಿ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ವರದಿ ಓದುವವರಿಗೆ ಈ ಕಷ್ಟ ಕಡಿಮೆ. ಅನಲಾಗ್, ಎಂಬೆಡೆಡ್ ಪ್ರೊಸೆಸಿಂಗ್, ಇತರೆ ಅಂತ ಎಷ್ಟೋ ವರ್ಷಗಳಿಂದ ಅದೇ ಮೂರು. ಅವರ ಕ್ಯಾಲ್ಕುಲೇಟರು 'ಇತರೆ'ಯಲ್ಲಿ ಬರುತ್ತದೆ.

ನಷ್ಟದ ವಿಭಾಗದಲ್ಲೇ ಕೆಲಸ ಸಿಕ್ಕಿದ್ದರೂ ಎದೆಗುಂದಬೇಕಾಗಿಲ್ಲ. ನಷ್ಟ ಇದ್ದ ಕಡೆಯೇ ಕಲಿಯುವುದಕ್ಕೆ ಹೆಚ್ಚಿರುವುದೂ ಉಂಟು. ಆದರೆ ನಿನ್ನ ತಂಡ ಮಾಡುವ ಕೆಲಸವನ್ನು ಯಾವ ಸೆಗ್ಮೆಂಟಿನ ಖರ್ಚಿಗೆ ಬರೆಯುತ್ತಾರೆ ಅಂತ ಸೇರಿದ ಮೇಲೆ ಮ್ಯಾನೇಜರ್ ಹತ್ತಿರ ಕೇಳು. ಸಂಬಳವೂ ಆ ಕಂಪನಿಯದೇ, ಸಂಬಳದ ಜೊತೆಗೆ ಕೊಡುವ ಆರ್‌ಎಸ್‌ಯು ಶೇರೂ ಅದರದೇ. ಕಂಪನಿ ಬಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. ಶೇರು ಕೈಗೆ ಬಂದಾಗ ಸ್ವಲ್ಪ ಸ್ವಲ್ಪ ಮಾರಿ ಬೇರೆ ಕಡೆ ಇಡು. ಎಷ್ಟು ಉಳಿಸಿಕೊಳ್ಳಬೇಕು ಅನ್ನುವುದನ್ನು ಆಫೀಸಿನ ಗೆಳೆಯರ ಮಾತು ಕೇಳಿ ತೀರ್ಮಾನಿಸಬೇಡ, ಸೆಗ್ಮೆಂಟ್ ಪುಟ ನೋಡಿ ತೀರ್ಮಾನಿಸು.

ಇಂಟೆಲ್‌ನ ಲೆಕ್ಕದ ವರ್ಷ ಡಿಸೆಂಬರಿನ ಕೊನೆಯ ಶನಿವಾರ ಮುಗಿಯುತ್ತದೆ. ಆಮೇಲೆ ಬರುವ ವಾರ್ಷಿಕ ವರದಿಗೆ 10-ಕೆ ಅನ್ನುತ್ತಾರೆ, ಅಮೆರಿಕದ ಶೇರುಪೇಟೆ ನಿಯಂತ್ರಕ ಎಸ್‌ಇಸಿಯ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಈ ಸಲದ್ದು ಬಂದಾಗ ಸೆಗ್ಮೆಂಟ್ ಟಿಪ್ಪಣಿಯ ಪುಟಗಳನ್ನಷ್ಟೇ ಪ್ರಿಂಟ್ ಮಾಡಿಸಿಕೊಂಡು ಒಂದು ಭಾನುವಾರ ಮನೆಗೆ ಬಾ, ಒಂದೊಂದೇ ಸಾಲು ಕೂತು ನೋಡೋಣ.