ಮೆಣಸಿನಕಾಯಿ ಮುಲಾಮು: ಮೊದಲು ಉರಿ, ಆಮೇಲೆ ಉಪಶಮನ



ಶ್ರೀನಿವಾಸಪುರದ ಮಾವಿನ ತೋಪು, ಮಾಲೂರಿನ ತರಕಾರಿ ತೋಟ, ಕೋಲಾರ ಮುಳಬಾಗಿಲಿನ ಟೊಮೆಟೊ ಹೊಲಗಳಲ್ಲಿ ದುಡಿಯುವವರಿಗೆ ಮಂಡಿನೋವು ಬಂದರೆ ಕಾಯಕವೇ ನಿಂತುಹೋಗುತ್ತದೆ. ಇಂಥ ನೋವಿಗೆ ವೈದ್ಯರು ಕೆಲವೊಮ್ಮೆ ‘ಕ್ಯಾಪ್ಸೈಸಿನ್’ ಮುಲಾಮು ಬರೆದುಕೊಡುತ್ತಾರೆ. ಉರಿಯುತ್ತದೆಂದು ಹೆದರಿ ಎರಡೇ ದಿನಕ್ಕೆ ಬಿಟ್ಟರೆ ಅದರ ಫಲ ಸಿಗುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ?

ಮೆಣಸಿನಕಾಯಿಗೆ ಖಾರ ಕೊಡುವ ಅಂಶವೇ ಕ್ಯಾಪ್ಸೈಸಿನ್. ಚರ್ಮದ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಪುಟ್ಟ ಬಾಗಿಲುಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅವು ತೆರೆದುಕೊಂಡು, ‘ಸುಡುತ್ತಿದೆ’ ಎಂದು ಮೆದುಳಿಗೆ ತಿಳಿಸುತ್ತವೆ. ಕ್ಯಾಪ್ಸೈಸಿನ್ ಸಹ ಇದೇ ಬಾಗಿಲನ್ನು ತೆರೆಯುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈ ಬೆಂಕಿ ಸೋಕದಿದ್ದರೂ ಉರಿಯುವುದು ಇದರಿಂದಲೇ. 1997ರಲ್ಲಿ ಇದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ದಿನವೂ ಹಚ್ಚುತ್ತಿದ್ದರೆ ಆ ನರತುದಿಗಳು ಮಂಕಾಗಿ, ನೋವಿನ ಸುದ್ದಿ ಕಳಿಸುವುದು ಕಡಿಮೆಯಾಗುತ್ತದೆ. ಹಚ್ಚುವುದು ನಿಲ್ಲಿಸಿದರೆ ಅವು ಕ್ರಮೇಣ ಮೊದಲಿನಂತಾಗುತ್ತವೆ. ಇದು ಸವೆದ ಮಂಡಿಯನ್ನು ಸರಿಪಡಿಸುವುದಿಲ್ಲ, ನೋವನ್ನು ತಗ್ಗಿಸುತ್ತದೆ.

ಸರ್ಪಸುತ್ತು ಮಾಯವಾದ ಮೇಲೂ ಉಳಿಯುವ ನೋವಿಗೆ, ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಸಹ ಇದನ್ನು ಕೊಡುವುದುಂಟು.

ಬಳಸುವ ಕ್ರಮ

1. ವೈದ್ಯರು ಹೇಳಿದಂತೆ, ಸಾಮಾನ್ಯವಾಗಿ ದಿನಕ್ಕೆ 3ರಿಂದ 4 ಬಾರಿ, ತೆಳುವಾಗಿ ಹಚ್ಚಿರಿ. ಪೂರ್ಣ ಫಲಕ್ಕೆ 2ರಿಂದ 4 ವಾರ ಬೇಕು. ಅಷ್ಟರಲ್ಲಿ ಉರಿಯೂ ಇಳಿಯುತ್ತದೆ.
2. ಹಚ್ಚಿದ ನಂತರ ಸೋಪಿನಿಂದ ಕೈ ತೊಳೆಯಿರಿ. ಕಣ್ಣು, ಮೂಗು, ಬಾಯಿಗೆ ತಾಗಿಸಬೇಡಿ.
3. ಗಾಯ, ಹುಣ್ಣು, ಬಿರುಕಿನ ಮೇಲೆ ಹಚ್ಚಬೇಡಿ.
4. ಹಚ್ಚುವ ಮುನ್ನ ಅಥವಾ ಹಚ್ಚಿದ ಕೂಡಲೇ ಬಿಸಿನೀರಿನ ಸ್ನಾನ, ಶಾಖ ಬೇಡ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.
5. ಬೊಬ್ಬೆ ಎದ್ದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಎಚ್ಚರಿಕೆ

‘ಮನೆಯಲ್ಲೇ ಮೆಣಸಿನಕಾಯಿ ಇದೆಯಲ್ಲ’ ಎಂದು ಅರೆದು ಹಚ್ಚಬೇಡಿ. ಶೇ. 0.025ರ ಮುಲಾಮಿನಲ್ಲಿ 100 ಗ್ರಾಂಗೆ ಕೇವಲ 25 ಮಿಲಿಗ್ರಾಂ ಕ್ಯಾಪ್ಸೈಸಿನ್ ಇರುತ್ತದೆ. ಅರೆದ ಖಾರಕ್ಕೆ ಅಳತೆಯಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಚರ್ಮ ಹುಣ್ಣಾದರೂ ತಿಳಿಯದೆ ಹೋಗಬಹುದು. ಅಂಥವರು ದಿನವೂ ಪಾದ ನೋಡಿಕೊಳ್ಳಿ, ವೈದ್ಯರನ್ನು ಕೇಳಿಯೇ ಮುಲಾಮು ಬಳಸಿ.

ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕೀಲುಗಳ ಜೊತೆಗೆ ಬೆನ್ನು, ಕುತ್ತಿಗೆಯೂ ಬಿಗಿದುಕೊಂಡಿದ್ದರೆ ಮುಲಾಮು ಹಚ್ಚುತ್ತಾ ಕಾಲ ಕಳೆಯದೆ ತಪಾಸಣೆಗೆ ಬನ್ನಿ.

ಉರಿಗೆ ಹೆದರಬೇಡಿ, ಅಳತೆ ಮೀರಬೇಡಿ.