ಅಂದಾಜಿನ ರಿಪೇರಿಯ ಬೆಲೆ

ಹಳೆಯ ಕಾರೊಂದನ್ನು ಇಟ್ಟುಕೊಂಡಿರುವ ಮಧ್ಯಮವರ್ಗದ ಗೃಹಸ್ಥನಿಗೆ ಪೆಟ್ರೋಲಿನ ಬೆಲೆ, ವಿಮೆಯ ಕಂತು, ಟೈರಿನ ಸವೆತ ಇವೆಲ್ಲ ಮುಂಚಿತವಾಗಿಯೇ ಲೆಕ್ಕಕ್ಕೆ ಸಿಕ್ಕುವ ವೆಚ್ಚಗಳು. ಆದರೆ ಖರ್ಚಿನ ಪುಸ್ತಕದಲ್ಲಿ ತನ್ನ ಹೆಸರನ್ನು ಎಲ್ಲಿಯೂ ಕಾಣಿಸಗೊಡದೆ, ‘ರಿಪೇರಿ’ ಎಂಬ ಸಾಮಾನ್ಯ ಶೀರ್ಷಿಕೆಯ ಕೆಳಗೆ ಅಡಗಿಕೊಂಡು, ವರ್ಷ ವರ್ಷವೂ ಸಾವಿರಾರು ರೂಪಾಯಿಗಳನ್ನು ನುಂಗುವ ಇನ್ನೊಂದು ವೆಚ್ಚವಿದೆ. ದೋಷವು ಎಲ್ಲಿದೆಯೆಂಬುದನ್ನು ನಿರ್ಣಯಿಸುವ ಮೊದಲೇ ಬಿಡಿಭಾಗವನ್ನು ಬದಲಾಯಿಸುವುದಕ್ಕೆ ನಾವು ತೆರುವ ಹಣವೇ ಅದು. ಪ್ಲಗ್ಗು ಬದಲಾಯಿಸಿ ನೋಡೋಣ, ಸರಿಹೋಗದಿದ್ದರೆ ಕಾಯಿಲು, ಅದರಿಂದಲೂ ಆಗದಿದ್ದರೆ ಕಾರ್ಬೊರೇಟರು ಎಂದು ಒಂದರ ಹಿಂದೊಂದು ಪದಾರ್ಥವನ್ನು ಕೊಳ್ಳುತ್ತ ಹೋಗುವವನು, ಕಡೆಗೆ ದೋಷವು ನಿವಾರಣೆಯಾದಾಗಲೂ ಯಾವುದರಿಂದ ನಿವಾರಣೆಯಾಯಿತೆಂದು ತಿಳಿಯದವನಾಗಿಯೇ ಉಳಿಯುತ್ತಾನೆ.

ನಮ್ಮ ಮನೆಯಲ್ಲಿರುವುದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ವಿನ್ಯಾಸವನ್ನನುಸರಿಸಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿಸಿ ಪರಿಮಾಣದ ನಾಲ್ಕು ಸಿಲಿಂಡರುಗಳ ಇಂಜಿನ್ನುಳ್ಳ ಬಂಡಿ. ಸೋದರಮಾವನವರಿಂದ ನನಗೆ ಬಂದ ಈ ಬಂಡಿಯು ಕಳೆದ ಮಳೆಗಾಲದಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಡುಗಲಾರಂಭಿಸಿತು. ವೇಗದಲ್ಲಿ ಓಡುವಾಗ ಹೆಚ್ಚಿನ ತೊಂದರೆ ಕಾಣುತ್ತಿರಲಿಲ್ಲ. ಆದರೆ ಐಡ್ಲಿಂಗಿಗೆ ಬಂದೊಡನೆ ಸ್ಟಿಯರಿಂಗ್ ಚಕ್ರವು ಕೈಯಲ್ಲಿ ಅದುರುವುದು, ಸೈಲೆನ್ಸರಿನಿಂದ ನಡುನಡುವೆ ‘ಪುಸ್’ ಎಂಬ ಶಬ್ದ ಬರುವುದು, ಮುಂಜಾನೆಯ ತೇವದಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಬಂಡಿ ಹಿಡಿಯದಿರುವುದು ಇವು ನಿತ್ಯದ ಸಂಗತಿಗಳಾದವು. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ಟನ್ನು ಎತ್ತಿ, ಕ್ಷಣಕಾಲ ಶಬ್ದವನ್ನು ಕೇಳಿ, “ಇಂಜಿನ್ ಮುಗೀತು ಸಾರ್, ಬೋರ್ ಮಾಡಿಸ್ಬೇಕು” ಎಂದು 48,000 ರೂಪಾಯಿಗಳ ಅಂದಾಜುಪಟ್ಟಿಯನ್ನು ಬರೆದುಕೊಟ್ಟರು. ಪರೀಕ್ಷೆ ಮಾಡದೆ ಹೇಳಿದ ಮಾತಿಗೆ ಅಷ್ಟು ದೊಡ್ಡ ಮೊತ್ತವನ್ನು ಒಪ್ಪಿಸುವುದು ಯುಕ್ತವಲ್ಲವೆಂದು ನಾನು ಬಂಡಿಯನ್ನು ಮೈಸೂರಿನ ಒಬ್ಬ ವೃದ್ಧ ಮೇಸ್ತ್ರಿ ಸಾಹೇಬರ ಬಳಿಗೆ ಕೊಂಡೊಯ್ದೆನು.

ಆ ಸಾಹೇಬರು ಅರ್ಧ ದಿನದ ಕೂಲಿಯನ್ನು ಮೊದಲೇ ಹೇಳಿದರು. ದೋಷ ಸಿಕ್ಕಲಿ, ಸಿಕ್ಕದಿರಲಿ, ಅದನ್ನು ಕೊಡತಕ್ಕದ್ದು. ನಾನು ಒಪ್ಪಿದೆನು. ಅನಂತರ ಅವರು ಮಾಡಿದ ಕಾರ್ಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು: ಹಣ ಉಳಿದದ್ದು ಬಿಡಿಭಾಗದ ಅಗ್ಗತನದಿಂದಲ್ಲ, ಪರೀಕ್ಷೆಯ ಕ್ರಮದಿಂದ.

ಮಿನಿಟಿಗೆ 800 ಸುತ್ತಿನ ಐಡ್ಲಿಂಗಿನಲ್ಲಿ ಒಂದೊಂದು ಸಿಲಿಂಡರಿಗೂ 400 ಕಿಡಿಗಳು, ನಾಲ್ಕಕ್ಕೂ ಸೇರಿ 1600 ಕಿಡಿಗಳು ಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯ ವಿದ್ಯುತ್ತನ್ನು ಕಾಯಿಲು ಸಾವಿರಾರು ವೋಲ್ಟುಗಳಿಗೆ ಏರಿಸಿ ಕಳುಹಿಸಿದರೆ, ಡಿಸ್ಟ್ರಿಬ್ಯೂಟರು ಅದನ್ನು 1-3-4-2 ಎಂಬ ಅನುಕ್ರಮದಲ್ಲಿ ಹಂಚುತ್ತದೆ. ನಾಲ್ಕರಲ್ಲಿ ಒಂದು ಮಾತ್ರ ‘ಮಿಸ್’ ಹೊಡೆಯುತ್ತಿದೆಯೋ, ನಾಲ್ಕೂ ಸಮನಾಗಿ ಬಳಲುತ್ತಿವೆಯೋ ಎಂಬುದು ಮೊದಲ ಪ್ರಶ್ನೆ. ಏಕೆಂದರೆ ಒಂದೇ ಆದರೆ ದೋಷವು ಆ ಸಿಲಿಂಡರಿನ ಪ್ಲಗ್ಗು, ವೈರು, ಇಲ್ಲವೆ ವಾಲ್ವಿನಲ್ಲಿರುವ ಸಂಭವ ಹೆಚ್ಚು. ನಾಲ್ಕೂ ಆದರೆ ಪಾಯಿಂಟು, ಕಂಡೆನ್ಸರು, ಕಾಯಿಲು, ಕಾರ್ಬೊರೇಟರುಗಳಂತಹ, ಎಲ್ಲಕ್ಕೂ ಸಮಾನವಾದ ಅಂಗಗಳಲ್ಲಿ. ಸಾಹೇಬರು ಇಂಜಿನ್ನನ್ನು ಓಡಲು ಬಿಟ್ಟು, ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ಹಾಕಿದರು. ಒಂದು, ಎರಡು, ನಾಲ್ಕನೆಯ ವೈರುಗಳನ್ನು ತೆಗೆದಾಗ ಇಂಜಿನ್ನು ಇನ್ನಷ್ಟು ಕುಗ್ಗಿತು. ಮೂರನೆಯದನ್ನು ತೆಗೆದಾಗ ಶಬ್ದದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಕೆಲಸ ಮಾಡದವನು ಅದೇ ಎಂದು ಅಲ್ಲಿಗೆ ತೀರ್ಮಾನವಾಯಿತು.

ಮೂರನೆಯ ಸಿಲಿಂಡರಿನ ಪ್ಲಗ್ಗು ಕಪ್ಪಾಗಿ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಎಣ್ಣೆಯ ಜಿಡ್ಡು ಅದರಲ್ಲಿರಲಿಲ್ಲ. ಎಣ್ಣೆಯಿದ್ದರೆ ರಿಂಗು ಅಥವಾ ವಾಲ್ವ್ ಗೈಡು ಸವೆದಿರುವುದರ ಲಕ್ಷಣ. ಬರಿಯ ಪೆಟ್ರೋಲಾದರೆ ಕಿಡಿ ಹತ್ತದೆ ಇಂಧನ ವ್ಯರ್ಥವಾಗಿ ಹೋಗುತ್ತಿರುವುದರ ಲಕ್ಷಣ. ಅದನ್ನು ಎರಡನೆಯ ಸಿಲಿಂಡರಿಗೆ ಹಾಕಿ ಅಲ್ಲಿಯದನ್ನು ಇಲ್ಲಿಗೆ ಹಾಕಿದರೂ ದೋಷವು ಮೂರರಲ್ಲಿಯೇ ನಿಂತಿತು. ಬೇರೆಯ ವೈರು ಹಾಕಿದರೂ ಅಲ್ಲಿಯೇ ನಿಂತಿತು. ಆಮೇಲೆ ಡಿಸ್ಟ್ರಿಬ್ಯೂಟರಿನ ಕ್ಯಾಪನ್ನು ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದು ನನಗೆ ತೋರಿಸಿದರು. ಕಂದು ಬಣ್ಣದ ಆ ಬೇಕಲೈಟಿನ ಒಳಗೋಡೆಯ ಮೇಲೆ ಮೂರನೆಯ ಹಿತ್ತಾಳೆಯ ಮೊನೆಯಿಂದ ಪಕ್ಕದ ನಾಲ್ಕನೆಯದರ ಕಡೆಗೆ, ಚೂಪಾದ ಸೀಸದ ಕಡ್ಡಿಯಿಂದ ಎಳೆದಂತಹ ಕೂದಲೆಳೆಯಷ್ಟು ಸಣ್ಣ ಕರಿಯ ಗೆರೆಯೊಂದು ಹರಿದಿತ್ತು. ತೇವದಲ್ಲಿ ಕಿಡಿಯು ದಾರಿ ತಪ್ಪಿ ಸೋರಿ ಸೋರಿ, ತಾನು ಸುಟ್ಟ ಇಂಗಾಲದಿಂದಲೇ ತನಗೊಂದು ಹಾದಿಯನ್ನು ಮಾಡಿಕೊಂಡಿತ್ತು. “ಇಂಜಿನ್ ಗಟ್ಟಿಯಾಗಿದೆ ಸಾರ್, ಮೂರಕ್ಕೆ ಕರೆಂಟೇ ಹೋಗ್ತಿಲ್ಲ” ಎಂದರು.

ಆದರೂ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಪಾಯಿಂಟುಗಳ ಒಂದು ಮುಖದಲ್ಲಿ ಗುಳಿಯೂ ಎದುರು ಮುಖದಲ್ಲಿ ಗುಬುಟೂ ಆಗಿದ್ದವು. ಅದು ಕಂಡೆನ್ಸರಿನ ಮೇಲೆ ಸಂಶಯಪಡಬೇಕಾದ ಗುರುತಾದ್ದರಿಂದ ಎರಡನ್ನೂ ಬದಲಾಯಿಸಿ, ಫೀಲರ್ ಗೇಜಿನಿಂದ ಅಂತರವನ್ನು ಹೊಂದಿಸಿದರು. ಕ್ಯಾಪು ಹೊಸದಾದ ಮೇಲೆ ಮೂರನೆಯ ಸಿಲಿಂಡರು ಎದ್ದಿತು; ಆದರೆ ಐಡ್ಲಿಂಗಿನಲ್ಲಿ ಇನ್ನೂ ಒಂದು ಬಗೆಯ ಏರಿಳಿತ ಉಳಿದಿತ್ತು. ಅದಕ್ಕೆ ಕಾರ್ಬೊರೇಟರಿನ ತಳದ ಸುತ್ತ ಸಾಬೂನು ನೀರನ್ನು ಬ್ರಷ್ಷಿನಿಂದ ಸವರಿದರು. ಒಂದು ಮೂಲೆಯಲ್ಲಿ ನೀರು ಒಳಕ್ಕೆ ಹೀರಿಕೊಂಡೊಡನೆ ಇಂಜಿನ್ನಿನ ಸ್ವರ ಬದಲಾಯಿತು. ಗ್ಯಾಸ್ಕೆಟು ಒಣಗಿ ಅಲ್ಲಿಂದ ಗಾಳಿ ಕಳ್ಳದಾರಿಯಲ್ಲಿ ಸೇರುತ್ತಿತ್ತು. ವೇಗದಲ್ಲಿ ಒಳಹೋಗುವ ಗಾಳಿಯ ಮುಂದೆ ಆ ಸೋರಿಕೆ ಅಲ್ಪ. ಐಡ್ಲಿಂಗಿನಲ್ಲಿ ಅದೇ ದೊಡ್ಡ ಪಾಲು. ನಿಂತಾಗ ಮಾತ್ರ ಬಂಡಿ ನಡುಗುವುದಕ್ಕೆ ಇದು ಬಹಳ ಸಾಮಾನ್ಯವಾದ ಕಾರಣ. ಕಾರ್ಬೊರೇಟರಿನ ಸ್ಕ್ರೂಗಳಿಗೆ ಸಾಹೇಬರು ಕೈ ಹಾಕಿದ್ದು ಎಲ್ಲಕ್ಕೂ ಕೊನೆಯಲ್ಲಿ. ಟ್ಯಾಪೆಟ್ಟು ಮೊದಲು, ಕರೆಂಟಿನ ಕೆಲಸ ಆಮೇಲೆ, ಕಾರ್ಬೊರೇಟರು ಕಡೆಗೆ ಎಂಬ ಈ ಕ್ರಮವನ್ನು ತಲೆಕೆಳಗು ಮಾಡುವ ಗ್ಯಾರೇಜುಗಳೇ ಹೆಚ್ಚೆಂಬುದು ನನಗೆ ವ್ಯಸನದ ವಿಷಯ.

ಬೋರ್ ಮಾಡಿಸಬೇಕೆಂಬ ಮಾತಿಗೂ ಉತ್ತರ ಬೇಕಷ್ಟೆ. ಕಂಪ್ರೆಷನ್ ಗೇಜು ಹಾಕಿ ನೋಡಿದಾಗ ನಾಲ್ಕು ಸಿಲಿಂಡರುಗಳ ಒತ್ತಡವೂ ಸರಿಸುಮಾರು ಸಮನಾಗಿತ್ತು. ಒಂದರಲ್ಲಿ ಒತ್ತಡ ಕಡಿಮೆಯಿದ್ದಿದ್ದರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಇಂಜಿನ್ ಆಯಿಲನ್ನು ಬಿಟ್ಟು ಮತ್ತೆ ಅಳೆಯುವುದು ವಾಡಿಕೆ: ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಕೂರುತ್ತಿಲ್ಲ, ಹೆಡ್ಡಿನ ಕೆಲಸವಷ್ಟೇ ಸಾಕಾಗಬಹುದು. ಇಡೀ ಇಂಜಿನ್ನನ್ನು ಇಳಿಸುವುದಕ್ಕೂ ಹೆಡ್ಡನ್ನು ಮಾತ್ರ ಬಿಚ್ಚುವುದಕ್ಕೂ ಖರ್ಚಿನಲ್ಲಿರುವ ಅಂತರವನ್ನು ಬಲ್ಲವರಿಗೆ ಆ ಒಂದು ಚಮಚ ಎಣ್ಣೆಯ ಮೌಲ್ಯವನ್ನು ಬೇರೆಯಾಗಿ ಹೇಳಬೇಕಿಲ್ಲ. ಪರೀಕ್ಷೆಯಲ್ಲಿ ರಿಂಗು ಸವೆದಿರುವುದೇ ಖಚಿತವಾದರೆ ಇಂಜಿನ್ ಕೆಲಸವನ್ನು ಮುಂದೂಡಬಾರದು. ಆಗ 48,000 ರೂಪಾಯಿಯೂ ನ್ಯಾಯವಾದ ವೆಚ್ಚವೇ.

ನನಗೆ ಕ್ಯಾಪು, ರೋಟರು, ಪಾಯಿಂಟು, ಕಂಡೆನ್ಸರು, ಗ್ಯಾಸ್ಕೆಟು ಮತ್ತು ಕೂಲಿ ಎಲ್ಲ ಸೇರಿ ತಗುಲಿದ್ದು 2,650 ರೂಪಾಯಿ. ಅದಕ್ಕೆ ಮುಂಚೆ ಲೀಟರಿಗೆ ಸುಮಾರು 9 ಕಿಲೋಮೀಟರಿಗೆ ಇಳಿದಿದ್ದ ಬಂಡಿ ಈಗ 12 ಕೊಡುತ್ತಿದೆ. ತಿಂಗಳಿಗೆ 300 ಕಿಲೋಮೀಟರಿನ ಓಡಾಟಕ್ಕೆ 33 ಲೀಟರು ಬೇಕಾಗಿದ್ದ ಕಡೆ 25 ಸಾಕಾಗುತ್ತದೆ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ತಿಂಗಳಿಗೆ 800 ರೂಪಾಯಿಗೆ ಕಡಿಮೆಯಿಲ್ಲದ ಉಳಿತಾಯ. ರಿಪೇರಿಯ ಹಣವು ನಾಲ್ಕನೆಯ ತಿಂಗಳೊಳಗೆ ಹಿಂದಿರುಗಿ ಬಂದಿತು. ಇದಲ್ಲದೆ ಹೊಗೆತಪಾಸಣೆಯನ್ನು ಇಂತಹ ಬಂಡಿಗಳಿಗೆ ಐಡ್ಲಿಂಗಿನಲ್ಲಿಯೇ ಮಾಡುವರು. ಹಳೆಯ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇಕಡಾ 3, ಉರಿಯದ ಹೈಡ್ರೋಕಾರ್ಬನ್ನಿನ ಮಿತಿ 1500 ಪಿಪಿಎಂ. ಮಿಸ್ ಹೊಡೆಯುವ ಸಿಲಿಂಡರು ಹೈಡ್ರೋಕಾರ್ಬನ್ನನ್ನು ಏರಿಸಿಯೇ ಏರಿಸುತ್ತದೆ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದವುಗಳಿಗೆ ಅನಂತರ ಮತ್ತೂ ಏರಿದೆ. ಎಫ್‌ಸಿಗೆ ಕೊಂಡೊಯ್ಯುವ ಮೊದಲೇ ಐಡ್ಲಿಂಗನ್ನು ಸರಿಪಡಿಸಿಕೊಂಡಿರುವುದು ಲೇಸು.

ಒಂದು ವಿಷಯದಲ್ಲಿ ಮಾತ್ರ ದೋಷ ಕಾಣುವ ಮೊದಲೇ ಹಣ ವ್ಯಯಿಸಬೇಕೆಂಬುದು ನನ್ನ ದೃಢಾಭಿಪ್ರಾಯ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲಿನ ಶಕ್ತಿ ಅದೇ ಪರಿಮಾಣದ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹೊಸ ಕಾರುಗಳಂತೆ ಮಿಶ್ರಣವನ್ನು ತಾನಾಗಿ ತಿದ್ದಿಕೊಳ್ಳುವ ಉಪಾಯ ಕಾರ್ಬೊರೇಟರಿಗಿಲ್ಲ. ಎಥೆನಾಲ್ ತೇವವನ್ನೂ ಸೆಳೆಯುತ್ತದೆ. ಹಿಂದಿನ ಕಾಲದ ರಬ್ಬರನ್ನು ಮೆತ್ತಗಾಗಿಸಿ ಬಿರಿಯಿಸುತ್ತದೆ. ಆದಕಾರಣ ಪೆಟ್ರೋಲು ಹರಿಯುವ ರಬ್ಬರು ಪೈಪುಗಳನ್ನೂ ಫ್ಯುಯೆಲ್ ಪಂಪಿನ ಡಯಾಫ್ರಮ್ಮನ್ನೂ ಸೋರುವವರೆಗೆ ಕಾಯದೆ ಬದಲಾಯಿಸತಕ್ಕದ್ದು. ಏಕೆಂದರೆ ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಹೋಗುವುದು ಹಣವಷ್ಟೇ ಅಲ್ಲ.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಇದರ ಸಾಮಾನು ಇನ್ನೂ ಸಿಕ್ಕುತ್ತದೆ. ಆದರೆ ಹೊಸ ಕಂಡೆನ್ಸರುಗಳ ಗುಣ ನಂಬುವಂತಹದಲ್ಲವಾದ್ದರಿಂದ, ಕೆಲಸ ಮಾಡುತ್ತಿರುವ ಹಳೆಯದನ್ನು ಬಿಸುಡದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರಿ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಮರಳಿ ಕೇಳಿ, ಯಾವ ಪರೀಕ್ಷೆಯಿಂದ ಅದು ಕೆಟ್ಟಿದೆಯೆಂದು ಗೊತ್ತಾಯಿತೆಂಬುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿರಿ. ಬಿಡಿಭಾಗದ ಲಾಭವಿಲ್ಲದೆ ನೋಡುವುದಕ್ಕೆ ಮಾತ್ರ ಕೂಲಿ ಕೇಳುವ ಮೇಸ್ತ್ರಿ ನಿಮ್ಮೂರಿನಲ್ಲಿ ಇನ್ನೂ ಇದ್ದರೆ, ಆ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ.